‘ಆರಾಮ ಅದೀನ್ರಿ’ ಎಂಬ ಮಾತಿನ ಲೆಕ್ಕ
(ಅಭ್ಯಾಸ ಲೇಖನ)



ನಮ್ಮ ಭಾಗದಲ್ಲಿ ಯಾರನ್ನು ಕಂಡರೂ ಮೊದಲು ಕೇಳುವ ಮಾತು ‘ಆರಾಮ ಅದೀರೇನ್ರಿ?’ ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಆರಾಮ ಅದೀನ್ರಿ.’ ಅದನ್ನೇ ತಿರುಗಿಸಿ ‘ಆರಾಮಿಲ್ಲ’ ಎಂದರೆ ಕಾಯಿಲೆ ಎಂದು ಅರ್ಥ. ಆರೋಗ್ಯ, ನೆಮ್ಮದಿ, ವಿಶ್ರಾಂತಿ ಮೂರನ್ನೂ ನಾವು ಒಂದೇ ಶಬ್ದದ ಚೀಲದಲ್ಲಿ ತುಂಬಿಟ್ಟಿದ್ದೇವೆ. ಚೀಲ ಬಿಚ್ಚಿ ನೋಡದೆ ಒಳಗೆ ಜೋಳವಿದೆಯೋ ಹೊಟ್ಟಿದೆಯೋ ತಿಳಿಯುವುದಿಲ್ಲ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ವೈದ್ಯಕೀಯ ಸಹಾಯ ಪಡೆದ ಭಕ್ತರ ಮನೆಗೆ ಆರು ತಿಂಗಳ ನಂತರ ಮಠದ ಸ್ವಯಂಸೇವಕರೊಬ್ಬರು ಹೋಗಿ ಬರುವ ಪದ್ಧತಿ ಇದೆ. ಅವರು ತಂದ ವರದಿಯಲ್ಲಿ ರೋಗಿಯು ಹೇಗಿದ್ದಾರೆ ಎಂಬುದಕ್ಕೆ ಒಂದೇ ಸಾಲು ಇರುತ್ತದೆ. ಮುಂದಿನ ಕಂತನ್ನು ಕೊಡಬೇಕೋ ಬೇಡವೋ ಎಂದು ಸಮಿತಿಯವರು ಆ ಸಾಲನ್ನು ನೋಡಿಯೇ ನಿರ್ಣಯಿಸುತ್ತಾರೆ. ಲಕ್ವ ಹೊಡೆದು ಎಡಗೈ ಬಿದ್ದುಹೋದ ಒಬ್ಬ ತಾಯಿಯ ಮುಂದೆ ‘ಆರಾಮ’ ಎಂದು ಬರೆದಿರುತ್ತದೆ. ಶಸ್ತ್ರಚಿಕಿತ್ಸೆ ನೂರಕ್ಕೆ ನೂರು ಸರಿಯಾಗಿದೆ ಎಂದು ಡಾಕ್ಟರರು ಬರೆದುಕೊಟ್ಟ ಇನ್ನೊಬ್ಬರ ಮುಂದೆ ‘ಏನೂ ಸುಖ ಇಲ್ಲ’ ಎಂದಿರುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಹಾಗಾದರೆ ಈ ಸಾಲಿಗೆ ಎಷ್ಟು ಬೆಲೆ ಕಟ್ಟಬೇಕು? ಇದು ಬರೀ ಪಂಡಿತರ ಚರ್ಚೆಯಲ್ಲ, ಯಾರಿಗೆ ಸಹಾಯ ಮುಂದುವರಿಯುತ್ತದೆ, ಯಾರಿಗೆ ನಿಲ್ಲುತ್ತದೆ ಎಂಬ ಪ್ರಶ್ನೆ.

ವೈದ್ಯಶಾಸ್ತ್ರವು ಬಹುಕಾಲ ರೋಗಿಯ ಮಾತನ್ನು ಅಳತೆಯೆಂದು ಒಪ್ಪಿರಲಿಲ್ಲ. ಜ್ವರ ಎಷ್ಟು, ರಕ್ತದ ಒತ್ತಡ ಎಷ್ಟು, ಗೆಡ್ಡೆ ಕರಗಿತೋ ಇಲ್ಲವೋ, ಎಷ್ಟು ವರ್ಷ ಬದುಕಿದ, ಇವಿಷ್ಟೇ ಲೆಕ್ಕಕ್ಕೆ ಬರುತ್ತಿದ್ದವು. 1940ರ ದಶಕದ ಕೊನೆಗೆ ಅಮೆರಿಕದ ಡಾಕ್ಟರ್ ಕಾರ್ನೊಫ್ಸ್ಕಿ ಮತ್ತು ಅವರ ಸಂಗಡಿಗರು ಕ್ಯಾನ್ಸರ್ ರೋಗಿಗಳಿಗಾಗಿ ಸೊನ್ನೆಯಿಂದ ನೂರರವರೆಗಿನ ಒಂದು ಅಳತೆ ಮಾಡಿದರು. ತನ್ನ ಕೆಲಸ ತಾನು ಮಾಡಿಕೊಂಡು ಯಾವ ದೂರೂ ಇಲ್ಲದೆ ಇದ್ದರೆ 100, ಸತ್ತರೆ ಸೊನ್ನೆ. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅಂಕ ಹಾಕುವವರು ಡಾಕ್ಟರರು, ರೋಗಿಯಲ್ಲ.

ಮುಂದೆ ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ಬಂದವು. ಯುರೋಪಿನ ಸಂಶೋಧಕರ ಗುಂಪೊಂದು 1990ರಲ್ಲಿ ಪ್ರಕಟಿಸಿದ ಕ್ರಮದಿಂದ ಬೆಳೆದ ‘ಇಕ್ಯೂ-5ಡಿ’ ಎಂಬ ಪತ್ರಿಕೆಯಲ್ಲಿ ಐದೇ ವಿಷಯಗಳಿವೆ: ಓಡಾಟ, ತನ್ನ ಮೈಕೆಲಸ ತಾನು ಮಾಡಿಕೊಳ್ಳುವುದು, ದಿನನಿತ್ಯದ ಉದ್ಯೋಗ, ನೋವು, ಚಿಂತೆ-ಬೇಸರ. ಕೊನೆಗೆ ಥರ್ಮಾಮೀಟರಿನಂಥ ಒಂದು ಗೆರೆಯ ಮೇಲೆ ಸೊನ್ನೆಯಿಂದ ನೂರರೊಳಗೆ ಇವತ್ತಿನ ಆರೋಗ್ಯವನ್ನು ರೋಗಿಯೇ ಗುರುತಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯವರೂ 1990ರ ದಶಕದಲ್ಲಿ ಹಲವು ದೇಶಗಳ ಕೇಂದ್ರಗಳನ್ನು ಸೇರಿಸಿಕೊಂಡು ಒಂದು ಪ್ರಶ್ನಾವಳಿ ಮಾಡಿದರು. ನಮ್ಮ ದೇಶದ ದೆಹಲಿ ಮತ್ತು ಮದ್ರಾಸು ಕೇಂದ್ರಗಳೂ ಅದರಲ್ಲಿ ಇದ್ದವು. ಅದರ ಚಿಕ್ಕ ರೂಪದಲ್ಲಿ 26 ಪ್ರಶ್ನೆಗಳಿವೆ. ಬದುಕಿನ ಗುಣಮಟ್ಟ ಎಂದರೆ ಏನು ಎಂಬುದಕ್ಕೆ ಅವರು ಕೊಟ್ಟ ವಿವರಣೆಯ ತಾತ್ಪರ್ಯ ಹೀಗಿದೆ: ಒಬ್ಬ ಮನುಷ್ಯನು ತಾನು ಬಾಳುವ ಸಂಸ್ಕೃತಿಯ ನಡುವೆ, ತನ್ನ ಗುರಿ, ನಿರೀಕ್ಷೆ, ಮಾನದಂಡ, ಕಾಳಜಿಗಳಿಗೆ ಹೋಲಿಸಿ ತನ್ನ ಸ್ಥಿತಿಯನ್ನು ತಾನು ಹೇಗೆ ಕಾಣುತ್ತಾನೆ ಎಂಬುದೇ ಅದು. ಇದರಲ್ಲಿ ‘ತನ್ನ ಮಾನದಂಡ’ ಎಂಬ ಮಾತನ್ನು ಓದುಗರು ಹಿಡಿದಿಟ್ಟುಕೊಳ್ಳಬೇಕು, ಗಂಟು ಬಿದ್ದಿರುವುದು ಅಲ್ಲಿಯೇ.

ಅಡತಿ ಅಂಗಡಿಯ ಉದಾಹರಣೆಯಿಂದ ಇದನ್ನು ಬಿಡಿಸಬಹುದು. 1958ರಿಂದ 1962ರ ವರೆಗಿನ ಅವಧಿಯಲ್ಲಿ ನಮ್ಮ ದೇಶದಲ್ಲಿ ಸೇರು-ಮಣ ಹೋಗಿ ಕಿಲೋ ತೂಕ ಜಾರಿಗೆ ಬಂತು. ಒಬ್ಬ ರೈತನ ಹಳೆಯ ಚೀಟಿಯಲ್ಲಿ 100 ಮಣ ಜೋಳ, ಮರುವರ್ಷದ ಚೀಟಿಯಲ್ಲಿ 37 ಕ್ವಿಂಟಲ್ ಎಂದಿತ್ತು ಎನ್ನೋಣ. ಬರೀ ಅಂಕಿ ನೋಡಿದವನು ಬೆಳೆ ಬಿದ್ದುಹೋಯಿತು ಎನ್ನುತ್ತಾನೆ. ಪಕ್ಕಾ ಮಣಕ್ಕೆ ಸುಮಾರು 37.3 ಕಿಲೋ ಎಂದು ತಿಳಿದವನು ಎರಡೂ ಹೆಚ್ಚುಕಡಿಮೆ ಒಂದೇ ಎನ್ನುತ್ತಾನೆ. ಅಂಕಿ ಬದಲಾಗಿದೆ, ಮಾಲು ಬದಲಾಗಿಲ್ಲ, ಬದಲಾದದ್ದು ತೂಕದ ಕಲ್ಲು. ರೋಗಿಯ ವಿಷಯದಲ್ಲಿ ತೊಂದರೆ ಏನೆಂದರೆ, ಅವನ ಮನಸ್ಸಿನೊಳಗಿನ ತೂಕದ ಕಲ್ಲು ಯಾವಾಗ ಬದಲಾಯಿತು ಎಂದು ಸರಕಾರ ಗೆಜೆಟ್ ಹೊರಡಿಸುವುದಿಲ್ಲ. ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ.

ಹೀಗೆ ಅಳೆಯುವ ಕಲ್ಲೇ ಬದಲಾಗುವುದಕ್ಕೆ ಪಂಡಿತರು ‘ರೆಸ್ಪಾನ್ಸ್ ಶಿಫ್ಟ್’ ಎಂದು ಹೆಸರಿಟ್ಟಿದ್ದಾರೆ. ನಾವು ಉತ್ತರದ ಪಲ್ಲಟ ಎನ್ನೋಣ. ಈ ವಿಚಾರ ಮೊದಲು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1970ರ ದಶಕದಲ್ಲಿ ವ್ಯವಸ್ಥಾಪನೆ ಮತ್ತು ಶಿಕ್ಷಣದ ಅಭ್ಯಾಸಗಳಲ್ಲಿ. ತರಬೇತಿಗೆ ಬರುವ ಮುಂಚೆ ‘ನನಗೆ ಈ ಕೆಲಸ ಹತ್ತಕ್ಕೆ ಏಳರಷ್ಟು ಬರುತ್ತದೆ’ ಎಂದವನು ತರಬೇತಿ ಮುಗಿದ ಮೇಲೂ ಏಳು ಎಂದೇ ಹೇಳುತ್ತಾನೆ. ಕಲಿಯಲಿಲ್ಲವೆಂದಲ್ಲ, ಕಲಿತ ಮೇಲೆ ತನಗೆ ಮೊದಲು ಎಷ್ಟು ಕಡಿಮೆ ಗೊತ್ತಿತ್ತು ಎಂಬುದು ಅವನಿಗೆ ಅರಿವಾಗಿರುತ್ತದೆ. ವಾಣಿಜ್ಯ ಪದವಿ ಓದಿ ಮೊದಲ ಸಲ ನಿಜವಾದ ಅಂಗಡಿಯ ಕಿರ್ದಿ ಬರೆಯಲು ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಿಚಾರವನ್ನು ರೋಗಿಗಳ ಬದುಕಿಗೆ ಅನ್ವಯಿಸಿ 1999ರಲ್ಲಿ ಪೂರ್ಣ ರೂಪ ಕೊಟ್ಟವರು ನೆದರ್ಲೆಂಡ್ಸಿನ ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಅಮೆರಿಕದ ಕ್ಯಾರೊಲಿನ್ ಶ್ವಾರ್ಟ್ಸ್ ಎಂಬ ಇಬ್ಬರು ವಿದುಷಿಯರು.

ಅವರು ಈ ಪಲ್ಲಟದಲ್ಲಿ ಮೂರು ಬಗೆ ಹೇಳುತ್ತಾರೆ. ಮೊದಲನೆಯದು ಮಾಪು ಬದಲಾಗುವುದು. ಮುಂಚೆ ಮಂಡಿನೋವನ್ನು ‘ಭಾರೀ ನೋವು’ ಎನ್ನುತ್ತಿದ್ದವನು ಮೂತ್ರಪಿಂಡದ ಕಲ್ಲಿನ ನೋವು ಉಂಡ ಮೇಲೆ ಅದೇ ಮಂಡಿನೋವನ್ನು ‘ಇರಲಿ ಬಿಡ್ರಿ’ ಎನ್ನುತ್ತಾನೆ. ಎರಡನೆಯದು ಆದ್ಯತೆ ಬದಲಾಗುವುದು. ಹೊಲವೇ ಸರ್ವಸ್ವ ಎಂದುಕೊಂಡಿದ್ದವನಿಗೆ ಮೊಮ್ಮಕ್ಕಳು ಮುಖ್ಯವಾಗುತ್ತಾರೆ. ಮೂರನೆಯದು ಅರ್ಥವೇ ಬದಲಾಗುವುದು. ‘ಆರೋಗ್ಯ’ ಎಂದರೆ ಎರಡು ಮಣ ಚೀಲ ಹೊರುವ ಶಕ್ತಿ ಎಂದಿದ್ದವನಿಗೆ ಅದು ‘ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬರುವುದು’ ಎಂದಾಗುತ್ತದೆ. ಈ ಮೂರನೆಯದನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಖಾತೆಯ ಹೆಸರು ಹಾಗೇ ಇದ್ದು ಒಳಗಿನ ವ್ಯವಹಾರ ಬೇರೆಯಾಗಿರುತ್ತದೆ. ಹೀಗೆ ಬದಲಾಗಲು ನೆರವಾಗುವ ಸಂಗತಿಗಳನ್ನೂ ಅವರು ಹೇಳಿದ್ದಾರೆ: ತನಗಿಂತ ಕಷ್ಟದಲ್ಲಿರುವವರೊಡನೆ ಹೋಲಿಸಿಕೊಳ್ಳುವುದು, ಬಂಧುಬಳಗದ ಆಸರೆ, ಗುರಿಗಳನ್ನು ಹಿಂದೆಮುಂದೆ ಮಾಡಿಕೊಳ್ಳುವುದು, ನಿರೀಕ್ಷೆಯನ್ನು ತಗ್ಗಿಸಿಕೊಳ್ಳುವುದು, ಅದರೊಡನೆ ಅಧ್ಯಾತ್ಮ ಸಾಧನೆ.

ಎರಡನೆಯ ಬಗೆಯನ್ನು ಅಂಕಿಯಲ್ಲಿ ತೋರಿಸುವುದು ಸುಲಭ. ನಮ್ಮ ಓದುಗರಲ್ಲಿ ವ್ಯಾಪಾರಸ್ಥರು ಬಹಳ ಇರುವುದರಿಂದ ಅದನ್ನು ಪೂರ್ತಿ ಬಿಡಿಸುತ್ತೇನೆ. ಐರ್ಲೆಂಡಿನ ಡಬ್ಲಿನ್ ನಗರದ ವೈದ್ಯಕೀಯ ಕಾಲೇಜಿನಲ್ಲಿ ಓಬಾಯ್ಲ್ ಎಂಬವರೂ ಅವರ ಸಂಗಡಿಗರೂ ಒಂದು ಕ್ರಮ ಕಂಡುಹಿಡಿದು, 1992ರಲ್ಲಿ ಸೊಂಟದ ಕೀಲು ಬದಲಿಸಿಕೊಂಡ ರೋಗಿಗಳ ಮೇಲೆ ಬಳಸಿದ್ದನ್ನು ಪ್ರಕಟಿಸಿದರು. ಇದರಲ್ಲಿ ಪ್ರಶ್ನೆಗಳನ್ನು ಡಾಕ್ಟರರು ಮೊದಲೇ ಬರೆದಿಟ್ಟಿರುವುದಿಲ್ಲ. ‘ನಿಮ್ಮ ಬದುಕಿನಲ್ಲಿ ಅತ್ಯಂತ ಮುಖ್ಯವಾದ ಐದು ಸಂಗತಿ ಹೇಳಿ’ ಎಂದು ಕೇಳುತ್ತಾರೆ. ಒಂದೊಂದೂ ಈಗ ಎಷ್ಟು ಚೆನ್ನಾಗಿದೆ ಎಂಬುದಕ್ಕೆ ನೂರರೊಳಗೆ ಅಂಕ ಹಾಕಿಸುತ್ತಾರೆ. ಆಮೇಲೆ ಆ ಐದರಲ್ಲಿ ಯಾವುದು ಎಷ್ಟು ಮುಖ್ಯ ಎಂದು ನೂರು ಪಾಲನ್ನು ಹಂಚಿಸುತ್ತಾರೆ.

ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಲಕ್ವ ಹೊಡೆಯುವ ಮುಂಚೆ ಅವನು ಹೊಲದ ಕೆಲಸಕ್ಕೆ 40 ಪಾಲು ಕೊಟ್ಟ, ಅದರ ಸ್ಥಿತಿ 80. ಮನೆಮಂದಿಗೆ 20 ಪಾಲು, ಸ್ಥಿತಿ 60. ಹಣಕಾಸಿಗೆ 20 ಪಾಲು, ಸ್ಥಿತಿ 50. ಊರಲ್ಲಿನ ಮಾನಕ್ಕೆ 10 ಪಾಲು, ಸ್ಥಿತಿ 70. ಪೂಜೆ-ಪುರಾಣಕ್ಕೆ 10 ಪಾಲು, ಸ್ಥಿತಿ 60. ಗುಣಿಸಿ ಕೂಡಿಸಿದರೆ 32, 12, 10, 7, 6, ಒಟ್ಟು 67.

ಲಕ್ವ ಹೊಡೆದು ಒಂದು ವರ್ಷ ಕಳೆಯಿತು. ಹೊಲದ ಕೆಲಸದ ಸ್ಥಿತಿ 80ರಿಂದ 20ಕ್ಕೆ ಇಳಿದಿದೆ, ಹಣ 40ಕ್ಕೆ ಇಳಿದಿದೆ. ಮಗ-ಸೊಸೆ ಚೆನ್ನಾಗಿ ನೋಡಿಕೊಂಡದ್ದರಿಂದ ಮನೆಮಂದಿ 80ಕ್ಕೆ ಏರಿದೆ. ಮಾನ ಮೊದಲಿನಂತೆ 70. ಪೂಜೆಗೆ ವೇಳೆ ಸಿಕ್ಕು ಅದೂ 80 ಆಗಿದೆ. ಆದರೆ ಅವನು ಈ ಸಲ ಪಾಲು ಹಂಚಿದ್ದೇ ಬೇರೆ ಥರ: ಹೊಲಕ್ಕೆ 10, ಮನೆಗೆ 40, ಹಣಕ್ಕೆ 15, ಮಾನಕ್ಕೆ 15, ಪೂಜೆಗೆ 20. ಗುಣಿಸಿದರೆ 2, 32, 6, ಹತ್ತೂವರೆ, 16. ಒಟ್ಟು ಅರವತ್ತಾರೂವರೆ. ಅಂದರೆ ಮೊದಲಿನ 67ಕ್ಕೂ ಈಗಿನದಕ್ಕೂ ಅರ್ಧ ಅಂಕದ ವ್ಯತ್ಯಾಸ! ಕಾಗದ ನೋಡಿದವರು ಇವನಿಗೆ ಏನೂ ಆಗಿಲ್ಲ ಎನ್ನಬೇಕು.

ಈಗ ಇದೇ ಸ್ಥಿತಿಯನ್ನು ಅವನ ಹಳೆಯ ಪಾಲುಗಳಿಂದ ಗುಣಿಸಿ ನೋಡಿರಿ: 8, 16, 8, 7, 8, ಒಟ್ಟು 47. ಅವನ ಹಳೆಯ ಕಣ್ಣಿನಿಂದ ನೋಡಿದರೆ ಇಪ್ಪತ್ತು ಅಂಕದ ನಷ್ಟ, ಹೊಸ ಕಣ್ಣಿನಿಂದ ನೋಡಿದರೆ ನಷ್ಟವೇ ಇಲ್ಲ. ಯಾವುದು ನಿಜ? ಎರಡೂ ನಿಜ. ‘ಆರಾಮ ಅದೀನ್ರಿ’ ಎಂದು ಅವನು ಹೇಳಿದ್ದು ಅರವತ್ತಾರೂವರೆಯನ್ನು. ಅವನ ಹೊಲ ಬೀಳು ಬಿದ್ದಿದೆ, ಮನೆಗೆ ಆದಾಯ ಕಡಿಮೆಯಾಗಿದೆ ಎಂದು ಹೇಳುವುದು ನಲವತ್ತೇಳು. ಸಹಾಯಧನ ನಿರ್ಣಯಿಸುವವರಿಗೆ ಎರಡೂ ಅಂಕಿ ಬೇಕು. ಒಂದನ್ನು ಮಾತ್ರ ಇಟ್ಟುಕೊಂಡ ಲೆಕ್ಕ ಅರ್ಧ ಲೆಕ್ಕ.

ಮಾಪಿನ ಬದಲಾವಣೆಯನ್ನು ಹಿಡಿಯಲು ಇನ್ನೊಂದು ಉಪಾಯವಿದೆ. ಚಿಕಿತ್ಸೆಗೆ ಮುಂಚೆ ಒಮ್ಮೆ ಕೇಳುತ್ತಾರೆ, ಚಿಕಿತ್ಸೆಯಾದ ಮೇಲೆ ಒಮ್ಮೆ ಕೇಳುತ್ತಾರೆ. ಎರಡನೆಯ ಸಲ ಕೇಳುವಾಗ ಇನ್ನೂ ಒಂದು ಪ್ರಶ್ನೆ ಸೇರಿಸುತ್ತಾರೆ: ‘ಈಗ ಹಿಂದಿರುಗಿ ನೋಡಿದರೆ, ಆಗ ನೀವು ಎಷ್ಟರಮಟ್ಟಿಗೆ ಚೆನ್ನಾಗಿದ್ದಿರಿ ಅನಿಸುತ್ತದೆ?’ ಇದಕ್ಕೆ ‘ದೆನ್-ಟೆಸ್ಟ್’ ಎಂದು ಹೆಸರು. ಮಂಡಿ ಕೀಲು ಬದಲಿಸಿಕೊಂಡ ಒಬ್ಬ ತಾಯಿ ಮೊದಲು ಹತ್ತಕ್ಕೆ 5 ಎಂದರು, ಆರು ತಿಂಗಳ ಮೇಲೆ 6 ಎಂದರು ಎನ್ನೋಣ. ಲಾಭ ಒಂದೇ ಅಂಕ, ಲಕ್ಷಗಟ್ಟಲೆ ಖರ್ಚಿಗೆ ಇಷ್ಟೇನೇ ಎಂದು ಮನೆಯವರು ಕೇಳಬಹುದು. ಆದರೆ ಹಿಂದಿರುಗಿ ನೋಡಿ ಎಂದಾಗ ಅವರು ‘ಆಗ ಮೂರೂ ಇರಲಿಲ್ಲ ಬಿಡ್ರಿ, ಮೂರಂತ ಬರಕೋರಿ’ ಎನ್ನುತ್ತಾರೆ. ನೋವಿಲ್ಲದ ನಡಿಗೆ ಹೇಗಿರುತ್ತದೆ ಎಂದು ತಿಳಿದ ಮೇಲೆ ಹಳೆಯ ಐದು ಮೂರಾಯಿತು. ಈಗಿನ ಮಾಪಿನಲ್ಲಿ ಲಾಭ ಮೂರು ಅಂಕ. ಮಾಪು ಸರಿದದ್ದು ಎರಡು ಅಂಕ. ವ್ಯಾಪಾರಸ್ಥರಿಗೆ ಇದು ಹೊಸತಲ್ಲ. ಹೋದ ವರ್ಷದ ಮಾಲನ್ನೂ ಈ ವರ್ಷದ ಮಾಲನ್ನೂ ಒಂದೇ ದರದಲ್ಲಿ ಹಚ್ಚಿ ನೋಡಿದರೆ ಮಾತ್ರ ದಂಧೆ ಬೆಳೆದಿದೆಯೋ ಬರೀ ಬೆಲೆ ಏರಿದೆಯೋ ತಿಳಿಯುತ್ತದೆ. ಅದೇ ರೀತಿ.

ಈ ಉಪಾಯಕ್ಕೂ ಒಂದು ದೋಷವಿದೆ. ನೆನಪು ಎಂಬುದು ಪಕ್ಕಾ ವಹಿ ಅಲ್ಲ. ಇಷ್ಟು ಹಣ ಸುರಿದಿದ್ದೇನೆ ಎಂದ ಮೇಲೆ ಗುಣ ಕಂಡಿರಲೇಬೇಕು ಎಂದು ಮನಸ್ಸು ತಾನೇ ಹಳೆಯ ಅಂಕವನ್ನು ಇಳಿಸಿಬಿಡಬಹುದು. ಎದುರಿಗೆ ಕುಳಿತವರು ಸಹಾಯ ಮಾಡಿದವರೇ ಆಗಿದ್ದರೆ ಅವರನ್ನು ಸಂತೋಷಪಡಿಸಲು ಹೇಳಬಹುದು. ಅದಕ್ಕಾಗಿ ಮೊದಲ ಸಲದ ಅಂಕವನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಹಿಂದಿರುಗಿ ನೋಡಿದ ಅಂಕ ಅದರ ಜೊತೆಗೆ ಇರಬೇಕೇ ಹೊರತು ಅದರ ಬದಲಿಗೆ ಅಲ್ಲ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಪ್ರಸಿದ್ಧ ಅಭ್ಯಾಸವಿದೆ. 1978ರಲ್ಲಿ ಬ್ರಿಕ್‌ಮನ್ ಮತ್ತು ಇಬ್ಬರು ಸಂಗಡಿಗರು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಹೊಡೆದ 22 ಮಂದಿಯನ್ನು, ಅಪಘಾತದಲ್ಲಿ ಕೈಕಾಲು ಸ್ವಾಧೀನ ತಪ್ಪಿದ 29 ಮಂದಿಯನ್ನು, ಇವೆರಡೂ ಆಗದ 22 ಮಂದಿಯನ್ನು ಕೇಳಿದರು. ‘ಲಾಟರಿ ಗೆದ್ದವನೂ ಕಾಲು ಕಳೆದುಕೊಂಡವನೂ ವರ್ಷದ ನಂತರ ಒಂದೇ’ ಎಂದು ಭಾಷಣಗಳಲ್ಲಿ ಇದನ್ನು ಬಳಸುತ್ತಾರೆ. ಅದು ಸರಿಯಲ್ಲ. ಸೊನ್ನೆಯಿಂದ ಐದರ ಅಳತೆಯಲ್ಲಿ ಲಾಟರಿಯವರ ಸಂತೋಷ 4.00, ಸಾಮಾನ್ಯರದು 3.82, ಅಪಘಾತವಾದವರದು 2.96. ಅಂದರೆ ನಾವು ಊಹಿಸುವಷ್ಟು ಕೆಳಗೆ ಅವರು ಬಿದ್ದಿರಲಿಲ್ಲ, ಅಳತೆಯ ನಡುಮಧ್ಯಕ್ಕಿಂತ ಮೇಲೆಯೇ ಇದ್ದರು. ಆದರೆ ಸಾಮಾನ್ಯರಿಗೆ ಸಮನಾಗಿಯೂ ಇರಲಿಲ್ಲ. ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ಹಿಂದೆ ಎಷ್ಟು ಸುಖವಾಗಿದ್ದಿರಿ ಎಂದು ಕೇಳಿದಾಗ ಸಾಮಾನ್ಯರು 3.32 ಎಂದರೆ, ಅಪಘಾತವಾದವರು 4.41 ಎಂದರು. ಕಳೆದುಹೋದ ಕಾಲ ಅವರಿಗೆ ಬಂಗಾರವಾಗಿ ಕಂಡಿತ್ತು. ಮೇಲೆ ಹೇಳಿದ ತಾಯಿಯ ನೆನಪು ಹಿಂದಿನದನ್ನು ಇಳಿಸಿತು, ಇವರ ನೆನಪು ಏರಿಸಿತು.

ಆ ಅಭ್ಯಾಸದಲ್ಲಿ ಒಬ್ಬರನ್ನೇ ಮುಂಚೆಯೂ ಆಮೇಲೆಯೂ ಕೇಳಿರಲಿಲ್ಲ. ಜರ್ಮನಿ ಮತ್ತು ಬ್ರಿಟನ್ನಿನಲ್ಲಿ ಸಾವಿರಾರು ಕುಟುಂಬಗಳನ್ನು ವರ್ಷವರ್ಷವೂ ಕೇಳುತ್ತ ಬಂದ ದಾಖಲೆಗಳಿವೆ. ರಿಚರ್ಡ್ ಲೂಕಾಸ್ ಎಂಬವರು 2007ರಲ್ಲಿ ಅವನ್ನು ತೆಗೆದು ನೋಡಿದಾಗ, ಶಾಶ್ವತ ಅಂಗವೈಕಲ್ಯ ಬಂದವರ ತೃಪ್ತಿ ಕೆಳಗಿಳಿದು ಬಹುಮಟ್ಟಿಗೆ ಅಲ್ಲಿಯೇ ಉಳಿದದ್ದು ಕಂಡಿತು. ಮತ್ತೊಂದು ಕಡೆ, 1999ರಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬವರು ತೀವ್ರ ಅಂಗವೈಕಲ್ಯವುಳ್ಳವರನ್ನು ಮಾತನಾಡಿಸಿದಾಗ ನೂರಕ್ಕೆ 54 ಮಂದಿ ತಮ್ಮ ಬದುಕು ಚೆನ್ನಾಗಿದೆ ಅಥವಾ ಬಹಳ ಚೆನ್ನಾಗಿದೆ ಎಂದರು. ಚೆನ್ನಾಗಿಲ್ಲ ಎಂದವರು ಮುಖ್ಯವಾಗಿ ಹೇಳಿದ್ದು ಬಿಡದ ನೋವು, ಸುಸ್ತು, ದೇಹದ ಮೇಲೆ ಹತೋಟಿ ತಪ್ಪಿದ್ದು. ನನ್ನ ಅಭಿಪ್ರಾಯದಲ್ಲಿ ಇವೆರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಮನುಷ್ಯ ಬಹಳಕ್ಕೆ ಹೊಂದಿಕೊಳ್ಳುತ್ತಾನೆ, ಎಲ್ಲಕ್ಕೂ ಅಲ್ಲ. ಹೋದ ಕಾಲಿಗೆ ಹೊಂದಿಕೊಂಡವನು ರಾತ್ರಿಯಿಡೀ ಚುಚ್ಚುವ ನೋವಿಗೆ ಹೊಂದಿಕೊಳ್ಳಲಾರ.

ಇನ್ನು ನಿಜವಾದ ಪೇಚು ಮನೆಯವರದು. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು, ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರರು ಹೇಳುತ್ತಾರೆ. ರೋಗಿ ‘ಕಾಲ ಹೋದ ಮ್ಯಾಲ ಬದುಕಿ ಏನ ಮಾಡ್ಲಿ’ ಎನ್ನುತ್ತಾನೆ. ಮನೆಯವರೂ ಹಿರಿಯರ ಮಾತು ಎಂದು ಸುಮ್ಮನಾಗುತ್ತಾರೆ. ಜತ್ತ ಕಡೆಯ ದಾಳಿಂಬೆ ಬೆಳೆಗಾರರೊಬ್ಬರು ಹೀಗೆಯೇ ಮೂರು ವಾರ ಹಟ ಹಿಡಿದಿದ್ದರು. ಕೊನೆಗೆ ಒಪ್ಪಿದರು, ಮೊಣಕಾಲ ಕೆಳಗೆ ತೆಗೆದರು. ಈಗ ತೋಟದ ಕಟ್ಟೆಯ ಮೇಲೆ ಕುಳಿತು ಕೂಲಿಯವರ ಹಿಶೇಬು, ಔಷಧ ಹೊಡೆಯುವ ದಿನ ಎಲ್ಲ ತಾವೇ ನೋಡುತ್ತಾರೆ. ಅವರು ‘ಮೊದಲಿಗಿಂತ ಚಲೋ ಅದೀನಿ’ ಎಂದು ಹೇಳಿಲ್ಲ, ಹಾಗೆ ಹೇಳಿದರೆಂದು ಬರೆಯುವುದೂ ಸರಿಯಲ್ಲ. ಕೇಳಿದರೆ ತೋಟದ ವಿಷಯ ಹೇಳುತ್ತಾರೆ, ಅಷ್ಟೇ. ಕಾಲಿನ ವಿಷಯ ನಾವೇ ತೆಗೆದರೆ ಮಾತ್ರ ಬರುತ್ತದೆ.

ಆರೋಗ್ಯವಂತರು ಕಾಯಿಲೆಯ ಬದುಕನ್ನು ಊಹಿಸುವಾಗ ಇರುವುದಕ್ಕಿಂತ ಕತ್ತಲೆಯಾಗಿ ಊಹಿಸುತ್ತಾರೆ ಎಂಬುದಕ್ಕೆ ಆಧಾರಗಳು ಹಲವು. 1978ರಲ್ಲಿಯೇ ಸ್ಯಾಕೆಟ್ ಮತ್ತು ಟೊರೆನ್ಸ್ ಎಂಬವರು ಡಯಾಲಿಸಿಸ್ ಬದುಕಿಗೆ ಬೆಲೆ ಕಟ್ಟಿಸಿದಾಗ, ಸಾಮಾನ್ಯ ಜನರಿಗಿಂತ ಡಯಾಲಿಸಿಸ್ ಮಾಡಿಸಿಕೊಳ್ಳುವವರೇ ಹೆಚ್ಚು ಬೆಲೆ ಕಟ್ಟಿದರು. 2005ರಲ್ಲಿ ಅಮೆರಿಕದ ಸಂಶೋಧಕರು ಡಯಾಲಿಸಿಸ್ ರೋಗಿಗಳಿಗೂ ಅದೇ ವಯಸ್ಸಿನ ಆರೋಗ್ಯವಂತರಿಗೂ ಅಂಗೈಯಗಲದ ಒಂದು ಯಂತ್ರ ಕೊಟ್ಟು, ಒಂದು ವಾರ ದಿನಕ್ಕೆ ಹಲವು ಸಲ ಅದು ಕೂಗಿದಾಗಲೆಲ್ಲ ಆ ಗಳಿಗೆಯ ಮನಸ್ಥಿತಿಯನ್ನು ಗುರುತಿಸಲು ಹೇಳಿದರು. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರು ಮಾತ್ರ ರೋಗಿಗಳು ಬಹಳ ದುಃಖದಲ್ಲಿ ಇರುತ್ತಾರೆ ಎಂದೇ ಊಹಿಸಿದ್ದರು. ಈ ಕ್ರಮದಲ್ಲಿ ನೆನಪಿನ ಗೊಡವೆ ಇಲ್ಲ, ಆ ಗಳಿಗೆಯದನ್ನು ಆ ಗಳಿಗೆಯಲ್ಲೇ ಬರೆಯುವುದು. ರೋಜಕೀರ್ದಿ ಇದ್ದ ಹಾಗೆ.

ಇದಕ್ಕಿಂತ ವಿಚಿತ್ರವಾದದ್ದು 2006ರ ಇನ್ನೊಂದು ಅಭ್ಯಾಸ. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮೇಲೆ ದ್ವಾರ ಮಾಡಿ ಮಲವನ್ನು ಚೀಲಕ್ಕೆ ಬಿಡುವ ವ್ಯವಸ್ಥೆ ಮಾಡುವುದುಂಟು. ಕೆಲವರಿಗೆ ಆ ಚೀಲ ಕಾಯಂ, ಕೆಲವರಿಗೆ ತಿಂಗಳುಗಳ ನಂತರ ತೆಗೆದು ಮೊದಲಿನಂತೆ ಜೋಡಿಸುತ್ತಾರೆ. ಚೀಲ ಇಟ್ಟುಕೊಂಡೇ ಬಾಳುತ್ತಿರುವವರು ಆ ಬದುಕಿಗೆ ಒಳ್ಳೆಯ ಬೆಲೆ ಕಟ್ಟಿದರು. ಚೀಲದೊಡನೆ ಬದುಕಿ ಈಗ ಅದರಿಂದ ಬಿಡುಗಡೆಯಾದವರು ಅದಕ್ಕಿಂತ ಕಡಿಮೆ ಕಟ್ಟಿದರು. ಅನುಭವಿಸಿದವನಿಗೇ ಅನುಭವದ ನೆನಪು ಹೀಗೆ ತಿರುಗಿಬಿದ್ದರೆ, ಹೊರಗೆ ನಿಂತವರ ಊಹೆಯನ್ನು ಎಷ್ಟು ನಂಬಬೇಕು? ಕಾಲು ತೆಗೆಯುವುದು, ಡಯಾಲಿಸಿಸ್, ಚೀಲ, ಇಂಥ ನಿರ್ಣಯ ಎದುರಿಗೆ ಬಂದಾಗ ಸಂಬಂಧಿಕರ ಸಭೆ ಕೂಡಿಸುವುದಕ್ಕಿಂತ, ಅದೇ ಸ್ಥಿತಿಯಲ್ಲಿ ಒಂದೆರಡು ವರ್ಷದಿಂದ ಬಾಳುತ್ತಿರುವ ಒಬ್ಬರನ್ನು ರೋಗಿಯ ಹತ್ತಿರ ಕರೆತಂದು ಕೂಡಿಸುವುದು ಹೆಚ್ಚು ಉಪಯೋಗ. ಪೂಜೆಗೆ ಹೇಗೆ ಕೂಡುತ್ತೀರಿ, ಬಸ್ಸಿನಲ್ಲಿ ಹೇಗೆ ಹೋಗುತ್ತೀರಿ ಎಂಬಂಥ ಪ್ರಶ್ನೆಗಳನ್ನು ರೋಗಿ ಡಾಕ್ಟರರಿಗೆ ಕೇಳುವುದಿಲ್ಲ.

ಇದರ ವಿರುದ್ಧ ದಿಕ್ಕಿನ ಅಪಾಯವನ್ನು ಬಿಟ್ಟರೆ ಪಾಠ ಅಪೂರ್ಣವಾಗುತ್ತದೆ. ‘ಹೊಂದಿಕೊಂಡಿದ್ದಾರೆ, ಆರಾಮ ಅದಾರ’ ಎಂದು ಕೈಬಿಡುವುದೇ ಆ ಅಪಾಯ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಪದೇ ಪದೇ ಉಲ್ಲೇಖಿಸಿದ ಒಂದು ಲೆಕ್ಕವಿದೆ. ಬಂಗಾಲದ ಭೀಕರ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ಸಂಸ್ಥೆಯವರು ಹತ್ತಿರದ ಸಿಂಗೂರಿನಲ್ಲಿ ಸಮೀಕ್ಷೆ ಮಾಡಿದರು. ಹೆಂಡತಿ ತೀರಿಕೊಂಡ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮಗೆ ಕಾಯಿಲೆ ಇದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ಗಂಡ ತೀರಿಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ನೂರಕ್ಕೆ 2.5 ಮಾತ್ರ! ವಿಧವೆಯರು ಆ ಬರಗಾಲದಲ್ಲಿ ವಿಧುರರಿಗಿಂತ ಆರೋಗ್ಯವಾಗಿದ್ದರೆಂದು ಯಾರಾದರೂ ನಂಬುತ್ತಾರೆಯೇ? ತನ್ನ ಮೈಯ ಬಗ್ಗೆ ದೂರು ಹೇಳಿಕೊಳ್ಳಬಹುದು ಎಂಬ ಎಣಿಕೆಯೇ ಅವರಿಗೆ ಇರಲಿಲ್ಲ. ಕಲ್ಲು ಅಷ್ಟು ಹಗುರವಾಗಿತ್ತು. ನಮ್ಮ ಮನೆಗಳಲ್ಲಿ ಅತ್ತೆಯವರೋ ದೊಡ್ಡಮ್ಮನವರೋ ‘ನನಗೇನಾಗೇದ, ಆರಾಮ ಅದೀನಿ’ ಎಂದು ಒಲೆಯ ಮುಂದಿನಿಂದ ಹೇಳುವಾಗ ಈ 2.5ನ್ನು ನೆನೆಸಿಕೊಳ್ಳಬೇಕು. ಅದಕ್ಕೆ ಮಾತಿನ ಜೊತೆಗೆ ಕಣ್ಣಿಗೆ ಕಾಣುವ ಅಳತೆಯೂ ಬೇಕು: ಎಷ್ಟು ಮೆಟ್ಟಿಲು ಹತ್ತುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ಕೊನೆಯ ಸಲ ಊರ ಜಾತ್ರೆಗೆ ಹೋದದ್ದು ಯಾವಾಗ.

ಗಡಿಭಾಗದವರಾದ ನಮಗೆ ಇನ್ನೊಂದು ತೊಡಕು ಭಾಷೆಯದು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ರೋಗಿಗೆ ಪ್ರಶ್ನೆ ಬರುವುದು ಮರಾಠಿಯಲ್ಲಿ. ಆರು ತಿಂಗಳ ಮೇಲೆ ಮನೆಗೆ ಬಂದ ಸ್ವಯಂಸೇವಕ ಕೇಳುವುದು ಕನ್ನಡದಲ್ಲಿ. ವ್ಯವಹಾರದ ಮರಾಠಿ ಎಲ್ಲರಿಗೂ ಬರುತ್ತದೆ, ಆದರೆ ನೋವಿನ ಮಾತು, ಬೇಸರದ ಮಾತು ಮನೆಯ ಭಾಷೆಯಲ್ಲಿ ಬಂದಷ್ಟು ಬಿಚ್ಚಿ ಬರುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ. ಮೊದಲ ಉತ್ತರ ಒಂದು ಭಾಷೆಯಲ್ಲಿ, ಎರಡನೆಯದು ಇನ್ನೊಂದರಲ್ಲಿ ಇದ್ದರೆ ಹೋಲಿಕೆ ಮಾಡಬಾರದು. ಅದೂ ಒಂದು ಬಗೆಯ ಸೇರು-ಕಿಲೋ ಗೊಂದಲವೇ.

ಈ ಎಲ್ಲ ವಿಚಾರ ಮಾಡಿ, ಸಮಿತಿಯ ಒಪ್ಪಿಗೆಯಿಂದ ವರದಿಯ ಒಂದು ಸಾಲಿನ ಬದಲಿಗೆ ಒಂದು ಪುಟದ ಹಾಳೆ ಮಾಡಿಸಲಾಗಿದೆ. ಸಹಾಯಕ್ಕೆ ಅರ್ಜಿ ಬಂದ ದಿನವೇ ರೋಗಿಯು ತನ್ನ ಸ್ಥಿತಿಗೆ ಹತ್ತಕ್ಕೆ ಎಷ್ಟು ಅಂಕ ಹಾಕುತ್ತಾರೆ ಎಂದು ಕೇಳಿ ತಾರೀಖು ಸಹಿತ ಬರೆಯಬೇಕು. ಅಂಕ ಹಾಕಲು ಅರಿಯದವರಿಗೆ ಒಂದು ರೊಟ್ಟಿ ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ಕೈಯಿಂದ ತೋರಿಸಿ ಕೇಳಿದರೂ ನಡೆದೀತು. ಅವರಿಗೆ ಮುಖ್ಯವಾದ ಐದು ಸಂಗತಿಗಳನ್ನು ಅವರ ಮಾತಿನಲ್ಲಿಯೇ ಬರೆಯಬೇಕು, ನಾವು ತಿದ್ದಬಾರದು. ಆರು ತಿಂಗಳ ಮೇಲೆ ಹೋದಾಗ ಅವೇ ಪ್ರಶ್ನೆ, ಅದೇ ಭಾಷೆ, ಆಗುವುದಾದರೆ ಅದೇ ಸ್ವಯಂಸೇವಕರು. ಜೊತೆಗೆ ‘ಹಿಂದಿರುಗಿ ನೋಡಿದರೆ ಆಗ ಎಷ್ಟು?’ ಎಂಬ ಪ್ರಶ್ನೆ. ಕೆಳಗಿನ ಅರ್ಧ ಪುಟದಲ್ಲಿ ಸ್ವಯಂಸೇವಕರು ಕಣ್ಣಾರೆ ಕಂಡದ್ದು: ನಡಿಗೆ, ಊಟ, ನಿದ್ರೆ, ಯಾರ ಆಸರೆ ಎಷ್ಟು ಬೇಕು, ಮನೆಯ ಆದಾಯಕ್ಕೆ ಆದ ಪೆಟ್ಟು. ಸಮಿತಿಯು ಮುಂದಿನ ಕಂತನ್ನು ಈ ಕೆಳಗಿನ ಅರ್ಧ ಪುಟದ ಮೇಲೆ ನಿರ್ಣಯಿಸುವುದು, ‘ಆರಾಮ’ ಎಂದ ಕಾರಣಕ್ಕೆ ಯಾರ ಸಹಾಯವನ್ನೂ ನಿಲ್ಲಿಸತಕ್ಕದ್ದಲ್ಲ ಎಂದು ಠರಾವು ಆಗಿದೆ. ಮೇಲಿನ ಅರ್ಧ ಪುಟ ಬೇರೊಂದು ಕೆಲಸಕ್ಕೆ: ಅಂಕ ತೀರ ಇಳಿದವರ ಮನೆಗೆ ಮತ್ತೊಮ್ಮೆ ಹೋಗಿ ಕುಳಿತು ಮಾತನಾಡಿ ಬರುವುದಕ್ಕೆ.

ಹೆಣ್ಣುಮಕ್ಕಳನ್ನು ಕೇಳಲು ಹೆಣ್ಣುಮಕ್ಕಳೇ ಹೋಗಬೇಕು, ಕೇಳುವಾಗ ಮನೆಯ ಗಂಡಸರು ಪಡಸಾಲೆಯಲ್ಲಿ ಇದ್ದರೆ ಸಾಕು. ಹಾಳೆಗಳು ಮಠದ ಕಚೇರಿಯಲ್ಲಿ ಸಿಗುತ್ತವೆ. ಕಾಲು ತೆಗೆಸಿಕೊಂಡವರು, ಡಯಾಲಿಸಿಸ್ ಮೇಲೆ ಇರುವವರು, ಲಕ್ವದಿಂದ ಚೇತರಿಸಿಕೊಂಡವರು, ಇವರಲ್ಲಿ ಹೊಸ ರೋಗಿಗಳ ಮನೆಗೆ ಹೋಗಿ ಒಂದು ತಾಸು ಮಾತನಾಡಿ ಬರಲು ಒಪ್ಪುವ ಭಕ್ತರು ತಮ್ಮ ಹೆಸರನ್ನು ಕಚೇರಿಯಲ್ಲಿ ಬರೆಸಬೇಕು. ಹೋಗಿಬರುವ ಗಾಡಿ ಖರ್ಚನ್ನು ನಿಧಿಯಿಂದ ಕೊಡಲಾಗುವುದು.